ದುರುಗಮ್ಮನ ಒಂದು ಕಡಲೆಕಾಳು

ನಮ್ಮ ಊರಿನಲ್ಲಿ ಕೊನೆಯ ಸಲ ಮತದಾನ ನಡೆದು ಒಂಬತ್ತು ವರ್ಷವಾಯಿತು. ಅದನ್ನು ಯಾರೂ ನಿಷೇಧಿಸಲಿಲ್ಲ. ಹೊಸದೊಂದು ಬಂತು, ಹಳೆಯದು ಬೇಡವಾಯಿತು. ಮಿಕ್ಸಿ ಬಂದ ಮೇಲೆ ಒರಳುಕಲ್ಲು ಹಿತ್ತಿಲಿಗೆ ಹೋಯಿತಲ್ಲ, ಹಾಗೆ.

ಹೊಸದರ ಹೆಸರು ಇಂಗಿತ. ಹದಿನೆಂಟು ತುಂಬಿದ ಎಲ್ಲರ ಮಣಿಕಟ್ಟಿಗೂ ಸರ್ಕಾರ ಒಂದು ಬೂದುಬಣ್ಣದ ಕೈಪಟ್ಟಿ ಕಟ್ಟಿದೆ. ದಿನಾ ಬೆಳಿಗ್ಗೆ ಹತ್ತೂವರೆಗೆ ಬೀದಿ ಕಂಬಗಳ ಮೇಲಿನ ಸ್ಪೀಕರು ಆ ವಾರ್ಡಿನ ಅಂದಿನ ವಿಷಯವನ್ನು ಹೇಳುತ್ತದೆ: ಚರಂಡಿ ಅಗಲ ಮಾಡಬೇಕೆ, ಸಂತೆ ಜಾಗ ಬದಲಿಸಬೇಕೆ, ಹೀಗೆ. ಮುಂದಿನ ನಲವತ್ತು ಸೆಕೆಂಡು ಕೈಪಟ್ಟಿ ನಾಡಿ, ಬೆವರು, ಮೈಬಿಸಿ ಮೂರನ್ನೂ ಅಳೆಯುತ್ತದೆ. ಸಿಟ್ಟು ಬಂದರೆ ನಾಡಿ ಒಂದು ಥರ ಏರುತ್ತದೆ, ಹೆದರಿಕೆಯಾದರೆ ಇನ್ನೊಂದು ಥರ. ಸಮಾಧಾನವಿದ್ದರೆ ಏರುವುದೇ ಇಲ್ಲ. ಅದನ್ನು ಯಂತ್ರ ಒಪ್ಪಿಗೆ ಎಂದು ಓದಿಕೊಳ್ಳುತ್ತದೆ. ಬಾಯಿ ಸುಳ್ಳು ಹೇಳಬಹುದು, ನಾಡಿ ಹೇಳುವುದಿಲ್ಲ ಎನ್ನುವುದು ಇದರ ಹಿಂದಿನ ತತ್ತ್ವ. ಕೈಪಟ್ಟಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೆಚ್ಚನೆಯ ಮೈಗೆ ತಾಗದೆ ಇದ್ದರೆ ಆ ಮನೆಯ ರೇಷನ್ ನಿಲ್ಲುತ್ತದೆ. ಹಾಗಾಗಿ ಯಾರೂ ಬಿಚ್ಚಿಡುವುದಿಲ್ಲ ಎಂದು ನಾವು ನಂಬಿದ್ದೆವು.

ನಾವು ಎಂದರೆ ಇಂಗಿತ ಕೇಂದ್ರದವರು. ನಾನು, ಕೊಟ್ರೇಶ, ಅಲ್ಲಿ ಹಗಲು ಪಾಳಿಯ ಮೇಲ್ವಿಚಾರಕ. ಈ ಯಂತ್ರವನ್ನು ಈಗ ಎಲ್ಲರೂ ಬೈಯುತ್ತಾರೆ, ಬೈಯಲಿ. ಆದರೆ ಕೊನೆಯ ಚುನಾವಣೆಯಲ್ಲಿ ನಾನು ಎಣಿಕೆ ಕೊಠಡಿಯ ಗುಮಾಸ್ತನಾಗಿದ್ದೆ. ಸೋತವರು, ಗೆದ್ದವರು ಇಬ್ಬರೂ ಕಲ್ಲು ತೂರಿದರು. ಎರಡು ತಾಸು ಮೇಜಿನ ಕೆಳಗೆ ಕೂತು, ಬದುಕಿದರೆ ಸಾಕು ಅಂದುಕೊಂಡಿದ್ದೆ. ಊರಿನಲ್ಲಿ ಹದಿನೇಳು ದಿನ ಕರ್ಫ್ಯೂ ಇತ್ತು. ಇಂಗಿತ ಬಂದ ಮೇಲೆ ಒಂದು ತಲೆಯೂ ಒಡೆದಿಲ್ಲ. ಇದನ್ನು ನಾನು ಮರೆಯಲಾರೆ.

ನನ್ನ ಪಾಲಿನ ವಾರ್ಡುಗಳಲ್ಲಿ ಮಂಡಕ್ಕಿ ಭಟ್ಟಿ ಬಡಾವಣೆ ಒಂದು. ಹೆದ್ದಾರಿಯ ಈಚೆ ಬದಿಗೆ ಆರು ಭಟ್ಟಿಗಳು, ಸುತ್ತ ಸಣ್ಣ ಮನೆಗಳು, ವಯಸ್ಕರು ನಾನೂರ ಹನ್ನೆರಡು. ಇಷ್ಟು ಒಮ್ಮತದ ವಾರ್ಡನ್ನು ನಾನು ಕಂಡಿರಲಿಲ್ಲ. ಏನೇ ವಿಷಯ ಹೇಳಿದರೂ ಪರದೆಯ ಮೇಲೆ ಅಲ್ಲಿನ ಗೆರೆಗಳು ಒಟ್ಟಿಗೇ ಹರಿಯುತ್ತಿದ್ದವು. ಎರಡು ವರ್ಷದ ಹಿಂದೆ ಅದಕ್ಕೆ ‘ಸೌಹಾರ್ದ ವಾರ್ಡ್’ ಪ್ರಶಸ್ತಿ ಬಂತು. ಮೇಲ್ವಿಚಾರಕನೆಂದು ನನಗೂ ಒಂದು ಶಾಲು ಹೊದಿಸಿದರು.

ನನ್ನ ಹೆಂಡತಿ ಸರ್ವಮಂಗಳ ಅದೇ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ಶಾಲು ನೋಡಿ, “ಆ ಜನ ನಲ್ಲಿ ಮುಂದೆ ಕೊಡಕ್ಕೆ ಕೊಡ ಬಡಿದು ಜಗಳ ಆಡ್ತಾರೆ. ಒಮ್ಮತ ಎಲ್ಲಿಂದ ಬಂತ್ರೀ?” ಎಂದಿದ್ದಳು. ನಾನು ಅದನ್ನು ಹೊಟ್ಟೆಕಿಚ್ಚು ಅಂದುಕೊಂಡೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಜನವರಿಯ ಒಂದು ಸಂಜೆ ಅವಳು ರೊಟ್ಟಿ ತಟ್ಟುತ್ತ ಪಾಠದ ವಿಷಯ ಎತ್ತಿದಳು.

“ಆರನೇ ಕ್ಲಾಸಿಗೆ ಪ್ರಜಾಪ್ರಭುತ್ವ ಮಾಡ್ಬೇಕು. ಪುಸ್ತಕದಾಗೆ ಒಂದೂವರೆ ಪುಟ ಐತೆ. ಅದರಾಗೆ ಅರ್ಧ ಪುಟ ನಿಮ್ಮ ಕೈಪಟ್ಟಿ ಚಿತ್ರ.”

“ಮತ್ತೇನು ಬೇಕು? ಅಷ್ಟೇ ಅಲ್ವಾ?”

“ಅಷ್ಟೇ ಆಗಿದ್ರೆ ಚೆನ್ನಾಗಿತ್ತು. ಓಟು ಅಂದ್ರೆ ಏನು ಮಿಸ್ ಅಂತಾರೆ. ನಮ್ಮ ತಾತ ಓಟು ಹಾಕಿದ್ರಂತೆ, ಬೆರಳು ಕಪ್ಪಗಾಗಿತ್ತಂತೆ, ತುಂಬಾ ನೋವಾಗುತ್ತಾ ಅಂತ ಒಬ್ಬ ಕೇಳಿದ.”

ನಾನು ನಕ್ಕೆ, ಅವಳು ನಗಲಿಲ್ಲ. ಮರುದಿನ ಅಡುಗೆಮನೆಯಿಂದ ಒಂದು ಸೇರು ಕಡಲೆಕಾಳು ಶಾಲೆಗೆ ಹೋಯಿತು. ಮಕ್ಕಳು ಶಾಲಾ ಮಂತ್ರಿಮಂಡಲಕ್ಕೆ ಚುನಾವಣೆ ಮಾಡಿದರು. ಸೀರೆಯ ಪರದೆ, ಅದರ ಹಿಂದೆ ಮಡಕೆಗಳು, ತಲೆಗೊಂದು ಕಾಳು. ಮಂಡಕ್ಕಿ ಊರಿನಲ್ಲಿ ಕಡಲೆ ಯಾಕೆ ಎಂದು ಕೇಳಿದೆ. ಮೊದಲು ಮಂಡಕ್ಕಿಯಲ್ಲೇ ಮಾಡಿದ್ದರಂತೆ. ಫ್ಯಾನು ಹಾಕಿದ್ದೇ ತಡ ಅಷ್ಟೂ ಓಟು ಹಾರಿಹೋದವಂತೆ. ಶಾಹಿನಾ ಎಂಬ ಹುಡುಗಿ ನೀರಿನ ಮಂತ್ರಿಯಾದಳು. ಅವಳ ತಾಯಿ ಜೈತುನ್‌ಬಿ ಆ ಆರರಲ್ಲಿ ಎಲ್ಲಕ್ಕಿಂತ ದೊಡ್ಡ ಭಟ್ಟಿಯಲ್ಲಿ ಕೆಲಸಕ್ಕಿದ್ದವಳು.

ಅದಾದ ಮಂಗಳವಾರ ಸ್ಪೀಕರಿನಲ್ಲಿ ಬಂದ ವಿಷಯ ಅದೇ ಶಾಲೆಯದು. ಅದನ್ನು ಮುಚ್ಚಿ, ಹೆದ್ದಾರಿ ಆಚೆಯ ದೊಡ್ಡ ಶಾಲೆಗೆ ಸೇರಿಸಬೇಕೆ? ಸಂಜೆಗೆ ಫಲಿತಾಂಶ ಬಂತು. ಒಪ್ಪಿಗೆ ಶೇಕಡಾ ಎಂಬತ್ತಮೂರು. ಜೂನ್‌ನಿಂದ ಜಾರಿ.

ಹೆದ್ದಾರಿಯೆಂದರೆ ಆರು ಸಾಲಿನ ರಸ್ತೆ, ಹಗಲೂ ಇರುಳೂ ಲಾರಿ. ಹೋದ ವರ್ಷ ಅಲ್ಲಿ ಇಬ್ಬರು ಸತ್ತಿದ್ದರು. ಜೈತುನ್‌ಬಿ ಮಗಳಿಗೆ ನೇರವಾಗಿ ಹೇಳಿಬಿಟ್ಟಳು: ಆ ರಸ್ತೆ ದಾಟಿಸಿ ಕಳಿಸಲ್ಲ, ಜೂನ್‌ನಿಂದ ನನ್ನ ಜತೆ ಭಟ್ಟಿಗೆ ಬಾ. ಮರುದಿನ ಶಾಹಿನಾ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದನ್ನು ಸರ್ವಮಂಗಳ ನನಗೆ ಇದ್ದ ಹಾಗೇ ಒಪ್ಪಿಸಿದಳು.

“ಮಿಸ್, ನಮ್ಮಮ್ಮ ಶಾಲೆ ಮುಚ್ಚೋದು ಬ್ಯಾಡ ಅಂತ ಅಳ್ತಾಳೆ. ಮಿಷನ್ನು ಇಲ್ಲಿಯೋರು ಹೂಂ ಅಂದಾರೆ ಅಂತೈತೆ. ಇಬ್ಬರಾಗೆ ಸುಳ್ಳು ಹೇಳ್ತಿರೋದು ಯಾರು?”

“ನೀನೇನಂದೆ?” ಎಂದೆ.

“ಹುಡುಕೋಣ ಅಂದೆ.”

ಹುಡುಕಿದ್ದು ಮಕ್ಕಳೇ. ಇಪ್ಪತ್ತಾರು ಮಕ್ಕಳು ನಾಲ್ಕು ದಿನ ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೋಗಿ, ಒಂದೇ ಪ್ರಶ್ನೆ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದೊಡ್ಡ ಭಟ್ಟಿಯ ಮೂವತ್ತೆಂಟು ಹೆಂಗಸರಲ್ಲಿ ಮೂವತ್ತೊಂದು ಜನ ಶಾಲೆ ಇಲ್ಲೇ ಇರಲಿ ಎಂದಿದ್ದರು. ಸರ್ವಮಂಗಳ ಆ ನೋಟ್‌ಬುಕ್ಕನ್ನು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು.

“ಮಕ್ಕಳು ಕೇಳಿದ್ರೆ ಯಾರು ತಾನೇ ಮುಚ್ಚಿ ಅಂತಾರೆ?” ಎಂದೆ. “ಮುಖ ನೋಡಿ ಮಣೆ ಹಾಕ್ತಾರೆ. ಬಾಯಲ್ಲೊಂದು ಮನಸಲ್ಲೊಂದು. ಅದಕ್ಕೇ ಇಂಗಿತ ಇರೋದು.”

“ಮನಸಿನಾಗೆ ಮೊದಲೇ ಎಲ್ಲ ಬರೆದಿಟ್ಟಿರುತ್ತಾ, ನೀವು ಹೋಗಿ ಓದ್ಕೊಳ್ಳೋಕೆ? ನಾಲ್ಕು ಮಾತಾಡಿದ ಮೇಲೆ ತಾನೇ ನಮಗೆ ಏನು ಬೇಕು ಅಂತ ನಮಗೇ ಗೊತ್ತಾಗೋದು. ನೀವು ನನ್ನನ್ನ ನೋಡೋಕೆ ಬಂದಾಗ ನನ್ನ ನಾಡಿ ಹಿಡಿದಿದ್ರೆ ಈ ಮದುವೆ ಆಗ್ತಿರಲಿಲ್ಲ.”

ಅವಳ ಬಾಯಿ ಮುಚ್ಚಿಸಲಿಕ್ಕೇ ಮರುದಿನ ಕೇಂದ್ರದಲ್ಲಿ ಆ ಮಂಗಳವಾರದ ದಾಖಲೆ ತೆಗೆದೆ.

ಕೇಂದ್ರದಲ್ಲಿ ನಾವು ಒಬ್ಬೊಬ್ಬರ ಗೆರೆಯನ್ನು ಬಿಡಿಸಿ ನೋಡುವುದು ಕಡಿಮೆ. ವಾರ್ಡಿನ ಮೊತ್ತ ನೋಡುತ್ತೇವೆ, ಸಹಿ ಹಾಕುತ್ತೇವೆ, ಚಹಾ ಕುಡಿಯುತ್ತೇವೆ. ಅಂದು ದೊಡ್ಡ ಭಟ್ಟಿಯ ಮೂವತ್ತೆಂಟು ಗೆರೆಗಳನ್ನು ಒಂದರ ಕೆಳಗೊಂದು ಹಾಕಿದೆ. ಮೂವತ್ತೆಂಟರದ್ದೂ ನಾಡಿ ನಿಮಿಷಕ್ಕೆ ಐವತ್ತೆಂಟು. ಬೆಂಕಿಯ ಮುಂದೆ ದುಡಿಯುವವರ ನಾಡಿ ಐವತ್ತೆಂಟಿರುವುದಿಲ್ಲ. ಹತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ಎಲ್ಲ ಗೆರೆಗಳೂ ಒಮ್ಮೆ ಮೇಲಕ್ಕೆ ಚಿಮ್ಮಿ ಇಳಿದಿದ್ದವು. ಆ ಆಕಾರ ನನಗೆ ಚೆನ್ನಾಗಿ ಗೊತ್ತು, ತರಬೇತಿಯಲ್ಲಿ ಮೊದಲ ದಿನವೇ ಕಲಿಸುತ್ತಾರೆ. ಅದು ಸೀನು.

ಮೂವತ್ತೆಂಟು ಹೆಂಗಸರು ಒಂದೇ ಕ್ಷಣಕ್ಕೆ ಸೀನಿದ್ದರು. ಇದಕ್ಕೇ ನನಗೆ ಶಾಲು ಹೊದಿಸಿದ್ದು.

ಅರ್ಧ ದಿನ ರಜೆ ಹಾಕಿ ಭಟ್ಟಿಗೆ ಹೋದೆ. ಒಂಬತ್ತು ವರ್ಷದಲ್ಲಿ ಅದೇ ಮೊದಲು. ಒಳಗೆ ಹೊಟ್ಟಿನ ಬೆಂಕಿ, ಬಾಂಡಲಿಯಲ್ಲಿ ಕಾದ ಮರಳು, ಅದರಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಎರಡು ನಿಮಿಷ ನಿಲ್ಲುವುದರೊಳಗೆ ನನ್ನ ಕೈಪಟ್ಟಿ ಬಿಸಿಯಾಗಿ ಚರ್ಮ ಚುರುಗುಟ್ಟಿತು. ಒಳಗಿದ್ದ ಹೆಂಗಸರ ಕೈಗಳೆಲ್ಲ ಬರಿದಾಗಿದ್ದವು.

ಬಾಗಿಲ ಹೊರಗೆ, ನೆರಳಲ್ಲಿ, ಗೋಣಿಚೀಲದ ಮೇಲೆ ದುರುಗಮ್ಮ ಎಂಬ ಅಜ್ಜಿ ಕೂತಿದ್ದಳು. ಎಂಬತ್ತರ ಹತ್ತಿರದ ವಯಸ್ಸು. ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈತನಕ ಬೂದುಬಣ್ಣದ ಕೈಪಟ್ಟಿಗಳು, ಮಿಕ್ಕವು ಎರಡೂ ಕಾಲಿಗೆ.

ನನ್ನನ್ನು ನೋಡಿ ಕೈ ಎತ್ತಿ ತೋರಿಸಿದಳು. “ಏನಪ್ಪಾ, ಈ ವಯಸ್ಸಿನಾಗೆ ಮದುಮಗಳ ಥರ ಬಳೆ ತೊಟ್ಕೊಂಡು ಕುಂತೀನಿ ನೋಡು.”

“ಇದೆಲ್ಲ ಯಾರದು ಅಜ್ಜಿ?”

ಅವಳು ನಕ್ಕಳೇ ಹೊರತು ಉತ್ತರ ಕೊಡಲಿಲ್ಲ. ಒಳಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದ ಜೈತುನ್‌ಬಿ ಹೇಳಿದಳು. “ಜೋರಾಗಿ ಹೇಳಿದ್ರೂ ಕೇಳ್ಸಲ್ಲ ಸಾರ್. ಎರಡು ಕಿವಿನೂ ಹೋಗಿ ಬಾಳ ವರ್ಷ ಆತು. ಒಲೆ ಮುಂದೆ ಕೈಪಟ್ಟಿ ಸುಡುತ್ತೆ. ಬಿಚ್ಚಿಟ್ರೆ ರೇಷನ್ ಬಂದ್. ಬೆಚ್ಚಗಿರೋ ಮೈ ಬೇಕಲ್ಲ, ಅಜ್ಜಿ ಸುಮ್ನೆ ಕುಂತಿರ್ತಾಳೆ, ಅವಳಿಗೆ ಕಟ್ತೀವಿ. ಸಾಯಂಕಾಲ ಅವಳ ಊಟ ನಮ್ದು.”

“ಆರು ಭಟ್ಟಿಯಲ್ಲೂ ಹೀಗೇನಾ?”

“ಹಂಗೇ. ಆ ಕೊನೇ ಭಟ್ಟಿಯಾಗೆ ಮುದುಕರು ಯಾರೂ ಇಲ್ಲ, ಆಡಿಗೆ ಕಟ್ತಾರೆ.”

ಹೋಗಿ ನೋಡಿದೆ. ಆಡಿನ ನಾಲ್ಕೂ ಕಾಲಿಗೆ ಕೈಪಟ್ಟಿ. ಅದು ನೆಮ್ಮದಿಯಾಗಿ ಹೊಂಗೆಸೊಪ್ಪು ಮೇಯುತ್ತಿತ್ತು. ಶಾಲೆ ಮುಚ್ಚಲು ಅದೂ ಒಪ್ಪಿಗೆ ಕೊಟ್ಟಿತ್ತು.

ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಚರಂಡಿ, ಆಸ್ಪತ್ರೆ, ನಲ್ಲಿ ನೀರಿನ ಹೊತ್ತು, ಒಂಬತ್ತು ವರ್ಷದಲ್ಲಿ ಈ ಬಡಾವಣೆಯ ಎಲ್ಲವನ್ನೂ ಈ ಕಿವುಡಿ ಅಜ್ಜಿ, ಇನ್ನಷ್ಟು ಮುದುಕರು, ಒಂದು ಆಡು ಇವರ ನೆಮ್ಮದಿ ನೋಡಿ ತೀರ್ಮಾನಿಸಿದ್ದೆವು. ಅದೆಲ್ಲದರ ಕೆಳಗೆ ನನ್ನ ಸಹಿ ಇತ್ತು.

ಕೇಂದ್ರದ ನಿರ್ದೇಶಕ ವಿಶ್ವಜಿತ್ ನನಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಏನೋ ಒತ್ತಿದರು.

“ಭಟ್ಟಿಯವರು ನೂರ ತೊಂಬತ್ತು ಜನ. ಅಷ್ಟನ್ನೂ ತೆಗೆದುಬಿಡೋಣ. ಉಳಿದವರಲ್ಲಿ ಶೇಕಡಾ ಅರವತ್ತೆಂಟು ಒಪ್ಪಿಗೆ ಬರುತ್ತೆ. ತೀರ್ಮಾನ ಅದೇ. ಯಾರಿಗೂ ಗೊತ್ತಾಗಬೇಕಾದ್ದಿಲ್ಲ.”

“ಆ ನೂರ ತೊಂಬತ್ತು ಜನಕ್ಕೆ ಏನು ಬೇಕು ಅಂತ...”

“ಕೊಟ್ರೇಶ್ ಅವರೇ, ಇದೊಂದು ತಿದ್ದಿದರೆ ಒಂಬತ್ತು ವರ್ಷದ್ದು ತಿದ್ದಬೇಕು. ಮತ್ತೆ ಓಟು, ಮತ್ತೆ ಕಲ್ಲು. ಮೇಜಿನ ಕೆಳಗೆ ಕೂತ ಕಥೆ ನೀವೇ ನನಗೆ ಹೇಳಿದ್ದು.”

ನಾನು ಹೊರಗೆ ಬಂದೆ. ಅವರ ಮಾತು ನಿಜವಿತ್ತು, ಆ ಕಲ್ಲುಗಳ ಸದ್ದು ನನಗೆ ಈಗಲೂ ಕನಸಿನಲ್ಲಿ ಕೇಳುತ್ತದೆ.

ಅಷ್ಟರಲ್ಲಿ ಮಕ್ಕಳು ಪಾಠದ ಪುಟದ ಕೊನೆಯಲ್ಲಿ ಸಣ್ಣಕ್ಷರದ ಟಿಪ್ಪಣಿಯೊಂದನ್ನು ಓದಿದ್ದರು. ಇಂಗಿತ ಕಾಯಿದೆಯ ಹದಿನಾಲ್ಕನೇ ಕಲಮು ಅದು: ಯಂತ್ರದ ಓದು ತಪ್ಪಿದೆ ಎಂದು ಪಾಳಿಯ ಮೇಲ್ವಿಚಾರಕ ಬರೆದುಕೊಟ್ಟರೆ, ವಾರ್ಡಿನ ಅರ್ಧದಷ್ಟು ವಯಸ್ಕರು ಒಂದೆಡೆ ಸೇರಿ ತಾವೇ ತೀರ್ಮಾನ ಹೇಳಬಹುದು. ಈ ಕಲಮನ್ನು ಈವರೆಗೆ ಯಾರೂ ಬಳಸಿರಲಿಲ್ಲ. ಬಳಸುವಂಥದ್ದು ಎಂದು ಯಾರಿಗೂ ಹೊಳೆದಿರಲೂ ಇಲ್ಲ.

ಸರ್ವಮಂಗಳ ನನಗೆ ಸಹಿ ಹಾಕು ಎನ್ನಲಿಲ್ಲ. “ಶನಿವಾರ ಕ್ಲಾಸಿಗೆ ಬಂದು ಮಿಷನ್ನು ಹೆಂಗೆ ಕೆಲಸ ಮಾಡುತ್ತೆ ಅಂತ ಮಕ್ಕಳಿಗೆ ಹೇಳ್ರಿ” ಎಂದಳು, ಅಷ್ಟೆ. ಅವಳ ಜತೆ ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ಬಲೆ ಎಂದು ಗೊತ್ತಿದ್ದೂ ಹೋದೆ.

ಕಪ್ಪುಹಲಗೆಯ ಮೇಲೆ ನಾಡಿಯ ಗೆರೆ ಬರೆದೆ. ಬೆವರು, ಮೈಬಿಸಿ, ನಲವತ್ತು ಸೆಕೆಂಡು ಎಲ್ಲ ವಿವರಿಸಿದೆ. ಮಕ್ಕಳು ಚೆನ್ನಾಗಿ ಕೇಳಿಸಿಕೊಂಡರು. ಆಮೇಲೆ ಶಾಹಿನಾ ಎದ್ದಳು. ಎರಡು ಜಡೆ, ಮೋಟು ಪೆನ್ಸಿಲು, ಗಟ್ಟಿ ದನಿ.

“ಸಾರ್, ಸುಳ್ಳು ಹೇಳಿದ್ದು ನಮ್ಮಮ್ಮನಾ, ಮಿಷನ್ನಾ?”

ನಿರ್ದೇಶಕರಿಗೆ ಏನಾದರೂ ಹೇಳಬಹುದಿತ್ತು. ಆ ಹುಡುಗಿಗೆ ಆಗಲಿಲ್ಲ.

“ಇಬ್ಬರೂ ಅಲ್ಲಮ್ಮ. ನಿಮ್ಮಮ್ಮನ್ನ ಯಾರೂ ಕೇಳೇ ಇಲ್ಲ. ಕೇಳಿದೀವಿ ಅಂತ ಸಹಿ ಹಾಕಿದ್ದು ನಾನು.”

ಅಲ್ಲೇ, ಅವಳ ಮೇಜಿನ ಮೇಲೆ, ಅವಳು ಕೊಟ್ಟ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಸೋಮವಾರ ನನಗೆ ನೋಟಿಸು ಬಂತು. ಪಾಳಿಯಿಂದ ತೆಗೆದು ಹಳೆಯ ಕೈಪಟ್ಟಿಗಳ ಉಗ್ರಾಣಕ್ಕೆ ಹಾಕಿದರು.

ಸಭೆ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಭಟ್ಟಿಗಳು ಆರಿದ ಮೇಲೆ, ಶಾಲೆಯ ಅಂಗಳದಲ್ಲಿ ಎಂದು ನಿಶ್ಚಯವಾಯಿತು. ಇನ್ನೂರ ಆರು ಜನ ಬರಬೇಕು. ಮಕ್ಕಳು ಮನೆಮನೆಗೆ ಕರೆಯಲು ಹೋದಾಗ ಬೈದು ಕಳಿಸಿದವರಲ್ಲಿ ಜೈತುನ್‌ಬಿಯೇ ಮೊದಲಿಗಳು. ಅವಳ ಗಂಡ ಖಾಸಿಂನ ಕಾಲು ಕೊನೆಯ ಎಣಿಕೆಯ ದಿನ ಕಲ್ಲೇಟಿಗೆ ಮುರಿದದ್ದು ಇನ್ನೂ ಸರಿಯಾಗಿರಲಿಲ್ಲ. “ಓಟು ಅಂದ್ರೆ ಕಲ್ಲು. ನಮ್ಮನೆಗೆ ಒಂದು ಕಾಲು ಸಾಕು” ಎಂದಳಂತೆ. ಮಗಳ ಶಾಲೆಗಾಗಿ ಅಳುತ್ತಿದ್ದವಳೇ ಸಭೆಗೆ ಬರುವುದಿಲ್ಲ ಎಂದಳು. ಶಾಹಿನಾ ಆ ದಿನ ಊಟ ಮಾಡಲಿಲ್ಲ ಎಂದು ಸರ್ವಮಂಗಳ ಹೇಳಿದಳು.

ಆ ಭಾನುವಾರ ಮೂರೂವರೆಯ ಹೊತ್ತಿಗೆ ಬಂದವರ ಸಂಖ್ಯೆ ಇನ್ನೂರ ಎಂಬತ್ತು ದಾಟಿತು. ಪಾಲಿಕೆಯ ಅಧಿಕಾರಿಯೊಬ್ಬರು, ಇಬ್ಬರು ಪೊಲೀಸರು ಬಂದಿದ್ದರು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಓಡಲು ಅನುಕೂಲ ಅಂತ, ಸುಳ್ಳು ಯಾಕೆ ಹೇಳಲಿ. ಮಕ್ಕಳು ಅಂಗಳದ ಕಲ್ಲುಗಳನ್ನೆಲ್ಲ ಬೆಳಿಗ್ಗೆಯೇ ಆಯ್ದು ಬಾವಿಯ ಹಿಂದೆ ರಾಶಿ ಹಾಕಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೀರೆಯ ಪರದೆಯ ಹಿಂದೆ ಚೀಟಿ ಅಂಟಿಸಿದ ಎರಡು ಮಡಕೆ ಇಟ್ಟಿದ್ದರು. ಮಕ್ಕಳ ನಿಯಮ ಒಂದೇ: ಕಾಳು ಹಾಕುವ ಮೊದಲು ಎರಡೂ ಕಡೆಯ ಮಾತು ಕೇಳಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಸೇರಿಸಬೇಕು ಎನ್ನುವವರ ಪರವಾಗಿ ಟೈರ್ ಅಂಗಡಿಯ ಸಿದ್ಧಲಿಂಗಪ್ಪ ಮಾತಾಡಿದ. ಆಚೆ ಶಾಲೆಯಲ್ಲಿ ಕ್ಲಾಸಿಗೊಬ್ಬರು ಟೀಚರಿದ್ದಾರೆ, ಇಲ್ಲಿ ಏಳು ಕ್ಲಾಸಿಗೆ ಇಬ್ಬರು. ಅಲ್ಲಿ ಪ್ರಯೋಗಾಲಯ ಇದೆ, ಇಲ್ಲಿ ಬೀಕರೂ ಇಲ್ಲ. ಅವನ ಮಾತು ಸರಿಯಾಗಿತ್ತು, ಸರ್ವಮಂಗಳಳೇ ತಲೆಯಾಡಿಸಿದಳು. ಆಮೇಲೆ ಅವನು ಒಂದು ಮಾತು ಹೆಚ್ಚು ಹೇಳಿದ. “ಹೆದ್ದಾರಿ ಒಂದು ನೆಪ. ಹೆಣ್ಣುಮಕ್ಕಳನ್ನ ಓದಿಸ್ದೇ ಇರೋರು ಹೆಂಗಿದ್ರೂ ಓದಿಸಲ್ಲ.”

ಗೇಟಿನ ಹೊರಗೆ ಗುಜುಗುಜು ಎದ್ದಿತು. ಜೈತುನ್‌ಬಿ ಅಲ್ಲಿ ನಿಂತಿದ್ದಳು, ಯಾವಾಗ ಬಂದಳೋ. ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಪೊಲೀಸರು ಮುಂದೆ ಬಂದರು. ಆ ಗಳಿಗೆಯಲ್ಲಿ ಅಳೆದಿದ್ದರೆ ನನ್ನ ಕೈಪಟ್ಟಿ ನಾಡಿ ನೂರ ನಲವತ್ತು ತೋರಿಸುತ್ತಿತ್ತು.

“ಸಿದ್ಧಲಿಂಗಣ್ಣ,” ಎಂದಳು, “ನಾನು ಓದಿಸಲ್ಲ ಅಂತ ನಿಂಗೆ ಯಾರು ಹೇಳಿದ್ರು? ಆ ರಸ್ತೆ ಮ್ಯಾಲೆ ಒಂದು ಸೇತುವೆ ಕಟ್ಟಿಸ್ಲಿ. ನಾನೇ ಕೈ ಹಿಡ್ಕೊಂಡು ಆಚೆ ಶಾಲೆಗೆ ಬಿಟ್ಟು ಬರ್ತೀನಿ. ನನ್ನ ಮಗಳಿಗೆ ಪ್ರಯೋಗಾಲಯ ಬ್ಯಾಡ್ವಾ? ಸೇತುವೆ ಆಗೋಗಂಟ ಇಲ್ಲೇ ಇರ್ಲಿ. ಅಷ್ಟೇ ನಾನು ಕೇಳೋದು.”

ಸಿದ್ಧಲಿಂಗಪ್ಪ ತಲೆ ಕೆರೆದುಕೊಂಡ. “ಅದು ಬೇಕಾದ್ರೆ ನಾನೂ ಹೂಂ ಅಂತೀನಿ ತಂಗಿ,” ಎಂದ. “ನನ್ನ ಮೊಮ್ಮಗನೂ ಅದೇ ರಸ್ತೆ ದಾಟಬೇಕು.”

ಅಧಿಕಾರಿ ಗಂಟಲು ಸರಿಮಾಡಿಕೊಂಡರು. “ವಿಷಯದಲ್ಲಿ ಸೇತುವೆ ಇಲ್ಲ. ಮುಚ್ಚಬೇಕು, ಮುಚ್ಚಬಾರದು, ಎರಡೇ.”

ಶಾಹಿನಾ ಆಗಲೇ ಎರಡನೇ ಮಡಕೆಯ ಮೇಲಿನ ಚೀಟಿ ಕಿತ್ತು ಹೊಸದು ಬರೆಯುತ್ತಿದ್ದಳು. ಅಧಿಕಾರಿ ಕಾಯಿದೆಯ ಪುಸ್ತಕ ತಿರುವಿದರು, ಬೇಡವೆನ್ನುವ ಸಾಲು ಸಿಗಲಿಲ್ಲ. ನಮ್ಮ ಯಂತ್ರ ಒಂಬತ್ತು ವರ್ಷ ಹೌದು, ಅಲ್ಲ ಎರಡನ್ನೇ ಕೇಳಿತ್ತು. ಸೇತುವೆ ಯಾರ ನಾಡಿಯಲ್ಲೂ ಇರಲಿಲ್ಲ. ಅದು ಜೈತುನ್‌ಬಿಗೆ ಸಿಟ್ಟು ಬಂದ ಮೇಲೆ ಹುಟ್ಟಿತು. ಹೆಂಡತಿ ನನ್ನತ್ತ ನೋಡಿದಳು, ನಾನು ಬೇರೆ ಕಡೆ ನೋಡಿದೆ.

ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಕೊನೆಗೆ ಉಳಿದವಳು ದುರುಗಮ್ಮ. ಶಾಹಿನಾ ಅವಳ ಮುಂದೆ ಸ್ಲೇಟು ಹಿಡಿದು ಕೂತು ಚಿತ್ರ ಬರೆದಳು: ಶಾಲೆ, ರಸ್ತೆ, ಲಾರಿ, ಲಾರಿಯ ಮುಂದೆ ಒಂದು ಪುಟ್ಟ ಹುಡುಗಿ, ರಸ್ತೆಯ ಮೇಲೊಂದು ಸೇತುವೆ. ಎರಡು ಮಡಕೆ ಬರೆದು ಯಾವುದು ಏನು ಎಂದು ಬೆರಳಿಟ್ಟು ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈ ಚಾಚಿದಳು. ಶಾಹಿನಾ ಒಂದು ಕಾಳು ಇಟ್ಟಳು.

“ಒಂದೇನಾ? ಮೂವತ್ತೆಂಟು ಜನದ್ದು ನಾನೇ ಹಾಕ್ತಿದ್ದೆನಂತಲ್ಲ?”

ಶಾಹಿನಾ ಒಂದು ಬೆರಳೆತ್ತಿ ತೋರಿಸಿದಳು. ಆ ಬೆರಳನ್ನು ಅಜ್ಜಿಯ ಕಡೆ, ತಾಯಿಯ ಕಡೆ, ಸಿದ್ಧಲಿಂಗಪ್ಪನ ಕಡೆ, ಕಾಳು ಹಾಕಿ ಬಂದವರ ಕಡೆ ತಿರುಗಿಸಿದಳು. ಎಲ್ಲರಿಗೂ ಒಂದೇ. ದುರುಗಮ್ಮ ತನ್ನದೊಂದೇ ಕೈಪಟ್ಟಿ ಉಳಿದಿದ್ದ ಕೈ ಊರಿಕೊಂಡು ಎದ್ದು ಪರದೆಯ ಹಿಂದೆ ಹೋದಳು. ಬೇರೆ ಯಾರೂ ಅಲ್ಲಿ ಅಷ್ಟು ಹೊತ್ತು ನಿಂತಿರಲಿಲ್ಲ.

ಎಣಿಕೆ ಎಲ್ಲರ ಎದುರೇ ಆಯಿತು. ಈಗಲೇ ಸೇರಿಸಿ ಎಂದವರು ತೊಂಬತ್ತೆಂಟು. ಸೇತುವೆ ಆಗುವವರೆಗೆ ಇಲ್ಲೇ ಇರಲಿ ಎಂದವರು ನೂರ ಎಂಬತ್ತೊಂಬತ್ತು. ಕೂಗಾಯಿತು, ಸ್ವಲ್ಪ ಗೊಣಗಾಟವಾಯಿತು. ಯಾರೂ ಕಲ್ಲಿಗೆ ಕೈ ಹಾಕಲಿಲ್ಲ. ಜೈತುನ್‌ಬಿ ಮಗಳ ತಲೆಗೆ ಒಂದು ಮೊಟಕಿದಳು, “ಜೂನ್‌ಗೆ ಹೊಸ ಯೂನಿಫಾರ್ಮ್ ಬೇಕಲ್ಲೇ” ಎಂದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜನ ಚೆದುರಿದ ಮೇಲೆ ನಾನು ದುರುಗಮ್ಮನ ಪಕ್ಕ ಕೂತೆ. ಗೊತ್ತಿಲ್ಲದೆಯೇ ಒಂಬತ್ತು ವರ್ಷ ದಿನಾ ಅವಳ ನಾಡಿ ನೋಡಿದವನು ನಾನು. ಅವಳು ಯಾವಾಗ ತೂಕಡಿಸುತ್ತಾಳೆ, ಯಾವಾಗ ಸೀನುತ್ತಾಳೆ ಎಲ್ಲ ದಾಖಲೆಯಲ್ಲಿದೆ. ಅವಳು ಯಾವ ಮಡಕೆಗೆ ಕಾಳು ಹಾಕಿರಬಹುದು ಎಂದು ಎಷ್ಟು ಯೋಚಿಸಿದರೂ ಊಹೆಗೆ ಸಿಗಲಿಲ್ಲ. ಎರಡು ಮಡಕೆಗಳತ್ತ ಕೈ ತೋರಿಸಿ, ಯಾವುದಕ್ಕೆ ಎಂದು ಸನ್ನೆ ಮಾಡಿದೆ.

ದುರುಗಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ನನ್ನ ಕೈ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟಳು.

“ಅದನ್ನ ಕೇಳಬಾರದಂತೆ ಕಣಪ್ಪ. ಆ ಹುಡುಗಿ ತೋರಿಸ್ಕೊಟ್ಟಾಳೆ, ಬಾಯಿ ಮ್ಯಾಲೆ ಬೆರಳಿಟ್ಟು.”